ಸೈಕಲ್ ಸವಾರಿಗೆ ಎಂಥ ಚಡ್ಡಿ? ನಾಚಿಕೆ ಪಡುವವರಿಗಾಗಿ ನಾಲ್ಕು ಮಾತು

ಹತ್ತಿ ಬಿಡಿಸುವ ಕೆಲಸ ಶುರುವಾಗಿದ್ದ ದಿನಗಳು. ಮಕ್ತಲ್ ಕಡೆಯ ಒಂದು ಹಳ್ಳಿಯ ರೈತರೊಬ್ಬರು ಒಂದು ಸಂಜೆ ನಮ್ಮನ್ನು ಕಾಣಲು ಬಂದರು. ಸೈಕಲ್ಲು ಜೊತೆಗಿತ್ತು. ಆದರೆ ಹತ್ತಿ ಬಂದಿರಲಿಲ್ಲ, ನಾಲ್ಕು ಕಿಲೋಮೀಟರ್ ದಾರಿಯುದ್ದಕ್ಕೂ ತಳ್ಳಿಕೊಂಡೇ ಬಂದಿದ್ದರು. ಕುರ್ಚಿ ತೋರಿಸಿದೆವು. "ಇರ್ಲಿ ಬಿಡ್ರಿ ಫಾದರ್, ನಿಂತೇ ಮಾತಾಡ್ತೀನಿ" ಎಂದರು. ಅದೂ ಇದೂ ಮಾತಾಡಿದ ಮೇಲೆ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ನಿಜ ಸಂಗತಿ ಹೇಳಿದರು. ಕೂರುವ ಜಾಗದಲ್ಲಿ ದೊಡ್ಡ ಕುರು ಎದ್ದಿದೆ, ಒಂಬತ್ತು ದಿನವಾಯಿತು, ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿನ್ನೆಯಿಂದ ಚಳಿಜ್ವರ.

ಅವರಿಗೆ ಸಕ್ಕರೆ ಕಾಯಿಲೆ ಇದೆ. ಡಾಕ್ಟರು ದಿನಾ ವ್ಯಾಯಾಮ ಮಾಡಬೇಕೆಂದರು. ಮೊಣಕಾಲು ನೋವಿನಿಂದ ನಡೆಯಲಾಗದ್ದಕ್ಕೆ ಸೈಕಲ್ ಹೊಡೆಯಿರಿ ಎಂದೂ ಹೇಳಿದರು. ಹೈದರಾಬಾದಿನಲ್ಲಿ ನೌಕರಿ ಮಾಡುವ ಮಗ ಒಂದು ಹೊಸ ಸೈಕಲ್ಲನ್ನೂ ಅದರ ಜೊತೆಗೆ ಮೈಗೆ ಅಂಟುವ ಒಂದು ಕರಿ ಚಡ್ಡಿಯನ್ನೂ ಕಳಿಸಿದ. ಸೈಕಲ್ಲು ಬೀದಿಗೆ ಬಂತು, ಚಡ್ಡಿ ಟ್ರಂಕಿನ ತಳ ಸೇರಿತು. "ಅದನ್ನ ಹಾಕ್ಕೊಂಡು ಊರಾಗ ಹೊಂಟ್ರ ಮಂದಿ ಏನಂದಾರ್ರಿ? ಸೊಸಿ ಮುಂದ ಹೆಂಗ ಅಡ್ಡಾಡ್ಲಿ?" ಎಂದು ಅವರು ನಮ್ಮನ್ನೇ ಕೇಳಿದರು. ಸಡಿಲವಾದ ಪಟ್ಟಾಪಟ್ಟಿ ಚಡ್ಡಿ, ಅದರ ಮೇಲೆ ಟೆರಿಕಾಟ್ ಪ್ಯಾಂಟು ತೊಟ್ಟು, ದಿನಾ ಹತ್ತು ಹನ್ನೆರಡು ಕಿಲೋಮೀಟರ್ ಹೊಡೆದರು. ಮೂರನೆಯ ವಾರಕ್ಕೆ ಚರ್ಮ ಉಜ್ಜಿಹೋಯಿತು. ಉಜ್ಜಿದ್ದು ಗಾಯವಾಯಿತು, ಗಾಯ ಕುರುವಾಯಿತು. ಅದೇ ರಾತ್ರಿ ಅವರನ್ನು ದವಾಖಾನೆಗೆ ಕರೆದುಕೊಂಡು ಹೋದೆವು. ಕೊಯ್ದು ಕೀವು ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಸಕ್ಕರೆ ಇದ್ದ ಮೈಯಲ್ಲಿ ವಿಷವೇರುತ್ತಿತ್ತೆಂದು ಡಾಕ್ಟರು ನಮಗೆ ಹೊರಗೆ ಕರೆದು ಹೇಳಿದರು. ಮೂರು ವಾರ ಅವರು ಮಗ್ಗುಲಾಗಿ ಮಲಗಿಯೇ ಇದ್ದರು. ಆ ವರ್ಷದ ಹತ್ತಿಯನ್ನು ಕೂಲಿಯವರೇ ಬಿಡಿಸಿದರು.

ಹೆಸರು ಹಾಕಬೇಡಿ, ಬರೆಯುವುದಾದರೆ ಬರೆಯಿರಿ ಎಂದು ಅವರೇ ಅನುಮತಿ ಕೊಟ್ಟಿದ್ದಾರೆ. ಹೀಗಾಗಿ ಈ ಸಲ ಅಂಕಣದಲ್ಲಿ ತೊಗರಿಯ ಹುಳವನ್ನು ಬದಿಗಿಟ್ಟು ಚಡ್ಡಿಯ ವಿಷಯ ಎತ್ತಿಕೊಂಡಿದ್ದೇವೆ. ನಗುವವರು ನಗಲಿ, ಆದರೆ ಓದಿ ಮುಗಿಸಲಿ.

ಮೊದಲು ಶರೀರದ ಸಂಗತಿ. ನಾವು ಕೂತಾಗ ಭಾರ ಹೊರುವುದಕ್ಕೆ ಸೊಂಟದ ಮೂಳೆಯ ಕೆಳತುದಿಯಲ್ಲಿ ಎರಡು ಗಟ್ಟಿ ಗುಬ್ಬಿಗಳಿವೆ. ಗಟ್ಟಿ ಬೆಂಚಿನ ಮೇಲೆ ಕೂತು ಅಂಗೈಯನ್ನು ಕೆಳಗೆ ತೂರಿಸಿ ನೋಡಿ, ಕೈಗೆ ಸಿಗುತ್ತವೆ. ಸೈಕಲ್ ಸೀಟಿನ ಮೇಲೆ ಭಾರವೆಲ್ಲ ಈ ಎರಡರ ಮೇಲೆ ಬೀಳಬೇಕು. ಇವುಗಳ ನಡುವಿನ ಮೆತ್ತನೆಯ ಜಾಗದಲ್ಲಿ ರಕ್ತನಾಳಗಳೂ ನರಗಳೂ ಹಾದುಹೋಗುತ್ತವೆ. ಅಲ್ಲಿ ಭಾರ ಬಿದ್ದರೆ ಜೋಮು ಹಿಡಿಯುತ್ತದೆ, ಮರಗಟ್ಟುತ್ತದೆ. ನಮ್ಮ ತಂದೆಯ ಕಾಲದ ಸೈಕಲ್ಲುಗಳಲ್ಲಿ ಅಗಲವಾದ ಚರ್ಮದ ಸೀಟು, ಅದರ ಕೆಳಗೆ ಸ್ಪ್ರಿಂಗು ಇರುತ್ತಿತ್ತು. ಸವಾರ ನೆಟ್ಟಗೆ ಕೂರುತ್ತಿದ್ದ. ಧೋತರದಲ್ಲೇ ಸಂತೆಗೆ ಹೋಗಿ ಬಂದರೂ ಅಷ್ಟು ಬಾಧೆ ಇರಲಿಲ್ಲ. ಈಗಿನ ಸೈಕಲ್ಲುಗಳ ಸೀಟು ಕಿರಿದು, ಕೂರುವ ಭಂಗಿ ಮುಂದಕ್ಕೆ ಬಾಗಿದ್ದು. ಸೈಕಲ್ಲು ಬದಲಾಗಿದೆ, ಒಳಗಿನ ಬಟ್ಟೆ ಮಾತ್ರ ಹಳೆಯದೇ ಉಳಿದಿದೆ.

ಚರ್ಮ ಉಜ್ಜಿಹೋಗುವುದಕ್ಕೆ ಮೂರು ಕೂಡಬೇಕು: ತಿಕ್ಕಾಟ, ಬೆವರು, ಹೊಲಿಗೆ. ಒಂದು ತಾಸು ಸೈಕಲ್ ತುಳಿದರೆ ಕಾಲು ಮೂರು ನಾಲ್ಕು ಸಾವಿರ ಸಲ ಮೇಲೆ ಕೆಳಗೆ ಹೋಗುತ್ತದೆ. ಅಷ್ಟು ಸಲವೂ ತೊಡೆಸಂದಿನಲ್ಲಿ ಬಟ್ಟೆ ಅಲುಗಾಡುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಬೆವರಿನಿಂದ ತೊಯ್ದ ಚರ್ಮ ಮೆತ್ತಗಾಗುತ್ತದೆ, ಬೆವರು ಆರಿ ಉಳಿದ ಉಪ್ಪು ಸಣ್ಣ ಮರಳಿನಂತೆ ಉಜ್ಜುತ್ತದೆ. ಹತ್ತಿ ಬಟ್ಟೆ ಒಳ್ಳೆಯದೆಂಬುದು ನಮ್ಮೆಲ್ಲರ ನಂಬಿಕೆ. ನಾರಾಯಣಪೇಟೆ, ಗದ್ವಾಲಗಳ ಮಗ್ಗದ ನಾಡಿನಲ್ಲಿ ಹತ್ತಿಯನ್ನು ಹಳಿಯಲು ನಮಗೆ ನಾಲಿಗೆ ಏಳುವುದಿಲ್ಲ. ಆದರೂ ನಿಜ ಹೇಳಬೇಕು. ಹತ್ತಿ ಬೆವರನ್ನು ಹೀರುತ್ತದೆ, ಹೀರಿದ್ದನ್ನು ಬಿಡುವುದಿಲ್ಲ. ನೆರಳಿನಲ್ಲಿ ಕೂತವನಿಗೆ ಅದು ತಂಪು, ಸೀಟಿನ ಮೇಲೆ ಒಂದು ತಾಸು ಕೂತವನಿಗೆ ಒದ್ದೆ ಗಂಟು. ಸಡಿಲ ಚಡ್ಡಿಯಾದರೆ ಆ ಒದ್ದೆ ಬಟ್ಟೆ ಮಡಿಕೆಯಾಗಿ ಮೂಳೆಯ ಕೆಳಗೇ ಸಿಕ್ಕಿಕೊಳ್ಳುತ್ತದೆ. ಜೀನ್ಸ್ ಇನ್ನೂ ಕೆಟ್ಟದ್ದು. ಅದರ ನಾಲ್ಕು ದಪ್ಪ ಹೊಲಿಗೆಗಳು ಕೂಡುವುದು ಸರಿಯಾಗಿ ಸೀಟು ತಾಗುವ ಜಾಗದಲ್ಲಿ.

ಸೈಕಲ್ ಪಂದ್ಯದವರ ಚಡ್ಡಿ ಹುಟ್ಟಿದ್ದು ಈ ತೊಂದರೆಯಿಂದಲೇ. ಫ್ರಾನ್ಸಿನ ಪ್ರಸಿದ್ಧ ಸೈಕಲ್ ಓಟ 1903ರಲ್ಲಿ ಆರಂಭವಾಯಿತು. ಆ ಕಾಲದ ಸವಾರರು ತೊಡುತ್ತಿದ್ದುದು ಉಣ್ಣೆಯ ಬಿಗಿ ಚಡ್ಡಿ. ಮುಂದೆ ಅದರ ಒಳಗೆ ಕೂರುವ ಜಾಗಕ್ಕೆ ಮೆತ್ತನೆಯ ಚರ್ಮದ ತುಂಡು ಹೊಲಿದರು. ಯುರೋಪಿನ ಬೆಟ್ಟಗಳಲ್ಲಿರುವ ಶಾಮ್ವಾ ಎಂಬ ಕಾಡುಮೇಕೆಯಂಥ ಪ್ರಾಣಿಯ ಚರ್ಮವದು. ತೊಳೆದರೆ ರಟ್ಟಿನಂತೆ ಗಡುಸಾಗುತ್ತಿತ್ತು, ಮತ್ತೆ ಮುಲಾಮು ತಿಕ್ಕಿ ಹದ ಮಾಡಬೇಕಿತ್ತು. ಈಗಿನ ಮೆತ್ತೆ ಸ್ಪಂಜು ಮತ್ತು ಕೃತಕ ನೂಲಿನದು, ಹೆಸರು ಮಾತ್ರ ಇನ್ನೂ ಆ ಪ್ರಾಣಿಯದೇ. ಲೈಕ್ರಾ ಎಂಬ ರಬ್ಬರಿನಂತೆ ಹಿಗ್ಗುವ ನೂಲನ್ನು 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶೈವರ್ಸ್ ಸಿದ್ಧಪಡಿಸಿದರು. ಅದನ್ನು ಮಾಡಿದ್ದು ಸೈಕಲ್ಲಿಗಲ್ಲ, ಹೆಂಗಸರ ಬಿಗಿ ಒಳಉಡುಪಿನ ರಬ್ಬರಿನ ಬದಲಿಗೆ. ಸೈಕಲ್ಲಿನವರು ಅದನ್ನು ಹಿಡಿದದ್ದು ಆಮೇಲೆ. ಕಪ್ಪು ಬಣ್ಣಕ್ಕೂ ಕಾರಣವಿದೆ. ಚೈನಿನ ಎಣ್ಣೆ, ಚರ್ಮದ ಸೀಟಿನ ಬಣ್ಣ ಅದರಲ್ಲಿ ಕಾಣುವುದಿಲ್ಲ.

ಇದೆಲ್ಲ ದೊಡ್ಡ ಊರಿನ ಶೋಕಿ ಎನ್ನುವವರು ಒಮ್ಮೆ ವಿಜಯಪುರ, ಬಾಗಲಕೋಟೆಗಳ ಕಡೆ ನೋಡಬೇಕು. ನಮ್ಮಿಂದ ಬಹಳ ದೂರವೇನಲ್ಲ, ನಡುವೆ ಯಾದಗಿರಿ ಒಂದೇ. ಆ ಸೀಮೆಯಲ್ಲಿ ಜಾತ್ರೆಗಳಲ್ಲಿ ಎತ್ತಿನ ಶರ್ಯತ್ತಿನಂತೆ ಸೈಕಲ್ ಶರ್ಯತ್ತೂ ನಡೆಯುತ್ತದೆ. ಹೊಲಮನೆಯ ಹುಡುಗರು, ಹುಡುಗಿಯರು ಕ್ರೀಡಾ ವಸತಿ ನಿಲಯಗಳಲ್ಲಿದ್ದು ರಾಷ್ಟ್ರಮಟ್ಟದ ಪಂದ್ಯಗಳಲ್ಲಿ ಪದಕ ಗೆದ್ದಿದ್ದಾರೆ. ಅವರು ನಸುಕಿನಲ್ಲಿ ಹೆದ್ದಾರಿಯ ಮೇಲೆ ಇದೇ ಚಡ್ಡಿ ತೊಟ್ಟು ಹೋಗುತ್ತಾರೆ. ಜೋಳದ ಹೊಲದಲ್ಲಿ ನಿಂತವರು ತಲೆ ಎತ್ತಿ ನೋಡಿ ಮತ್ತೆ ಕೆಲಸಕ್ಕೆ ಬಾಗುತ್ತಾರೆ. ಕಣ್ಣಿಗೆ ರೂಢಿಯಾದದ್ದು ನಗೆಗೆ ಒದಗುವುದಿಲ್ಲ. ಆದರೆ ಅಲ್ಲಿ ರೂಢಿಯಾಗಿದೆ ಎಂಬ ಮಾತು ಮಕ್ತಲದ ರೈತನಿಗೆ ಏನೂ ಸಮಾಧಾನ ಕೊಡುವುದಿಲ್ಲ ಎಂಬುದೂ ನಮಗೆ ಗೊತ್ತು.

ಗೊತ್ತಿರುವುದು ಸ್ವಂತ ಅನುಭವದಿಂದ. ಗುರುಮಠದಿಂದ ಹೊರಬಂದ ಹೊಸದರಲ್ಲಿ ನಾವು ಉಪಕೇಂದ್ರಗಳಿಗೆ ಸೈಕಲ್ಲಿನ ಮೇಲೆ ಹೋಗುತ್ತಿದ್ದೆವು. ಒಮ್ಮೆ ನಿಲುವಂಗಿಯ ಅಂಚು ಚೈನಿಗೆ ಸಿಕ್ಕಿ ಕಾಲುವೆಯ ಏರಿಯಿಂದ ಕೆಳಗೆ ಉರುಳಿದ್ದೂ ಉಂಟು. ಐವತ್ತು ದಾಟಿದ ಮೇಲೆ ಮತ್ತೆ ಸೈಕಲ್ ಹಿಡಿದಾಗ ಸ್ನೇಹಿತರೊಬ್ಬರ ಮಾತು ಕೇಳಿ ಮೆತ್ತೆಯಿರುವ ಲೈಕ್ರಾ ಚಡ್ಡಿ ತರಿಸಿದೆವು. ತೊಟ್ಟು ಕನ್ನಡಿ ನೋಡಿದಾಗ ನಮಗೇ ಮುಜುಗರವಾಯಿತು. ಯಾರೂ ನೋಡದಿರಲೆಂದು ಕತ್ತಲಿರುವಾಗಲೇ ಹೊರಟೆವು. ಊರ ಹೊರಗೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಅಜ್ಜ ಟಾರ್ಚು ಬಿಟ್ಟು ನೋಡಿ, "ಈಸಾಕ ಹೊಂಟೀರೇನ್ರಿ ಫಾದರ್, ಹೊಳ್ಯಾಗ ನೀರ ಇಲ್ಲಲ್ರಿ?" ಎಂದು ಕೇಳಿದ. ಮರುದಿನದಿಂದ ಅದರ ಮೇಲೆ ಪೈಜಾಮ ತೊಟ್ಟೆವು. ಬಾಧೆಯೂ ಇಲ್ಲ, ಪ್ರಶ್ನೆಯೂ ಇಲ್ಲ.

ನಾವು ಹೇಳಬೇಕಾದ ಮುಖ್ಯ ಮಾತು ಇದೇ. ಲೈಕ್ರಾ ಕೆಲಸ ಮಾಡುವುದು ಒಳಗೆ. ಅದು ಹೊರಗೆ ಕಾಣಬೇಕೆಂಬ ನಿಯಮವಿಲ್ಲ. ಮೈಗೆ ಅಂಟಿದ ಬಟ್ಟೆ ಚರ್ಮದ ಜೊತೆಗೇ ಸರಿಯುತ್ತದೆ. ಆದ್ದರಿಂದ ತಿಕ್ಕಾಟ ಚರ್ಮದ ಮೇಲಾಗದೆ ಒಳಚಡ್ಡಿ ಮತ್ತು ಮೇಲಿನ ಬಟ್ಟೆಗಳ ನಡುವೆ ಆಗುತ್ತದೆ. ಮೇಲೆ ಪೈಜಾಮ ಹಾಕಿ, ತೆಳ್ಳನೆಯ ಟ್ರ್ಯಾಕ್ ಪ್ಯಾಂಟು ಹಾಕಿ, ಮೊಣಕಾಲ ತನಕದ ಸಡಿಲ ಅರ್ಧಚಡ್ಡಿ ಹಾಕಿ, ಅದು ನಿಮ್ಮ ಇಷ್ಟ. ಮೇಲಿನದು ಹಗುರವಾಗಿರಲಿ, ಕವಲಿನಲ್ಲಿ ದಪ್ಪ ಹೊಲಿಗೆ ಇರದಿರಲಿ. ಪಂಚೆ, ಲುಂಗಿ ಮಾತ್ರ ಬೇಡ. ಹಿಂದಿನ ಕಚ್ಚೆಯ ಮಡಿಕೆ ಸೀಟಿನ ಮೇಲೆ ಗಂಟಾಗುತ್ತದೆ, ಕೆಳಗಿನ ಅಂಚು ಚೈನು ಹುಡುಕುತ್ತದೆ. ಪ್ಯಾಂಟಿನ ಬಲಗಾಲನ್ನು ಮಡಿಚಿ ಕ್ಲಿಪ್ಪು ಹಾಕಿ, ಇಲ್ಲವೆ ಕಾಲುಚೀಲದೊಳಗೆ ಸೇರಿಸಿ.

ದೊಡ್ಡ ಅಂಗಡಿಗಳಲ್ಲಿ ಎರಡು ಪದರದ ಚಡ್ಡಿಗಳೇ ಸಿಗುತ್ತವೆ. ಹೊರಗೆ ಕಿಸೆಯಿರುವ ಸಾಧಾರಣ ಸಡಿಲ ಚಡ್ಡಿ, ಒಳಗೆ ಮೆತ್ತೆಯಿರುವ ಬಿಗಿ ಚಡ್ಡಿ. ಬೆಟ್ಟದ ದಾರಿಯಲ್ಲಿ ಸೈಕಲ್ ಹೊಡೆಯುವವರಿಗೆಂದು ಮಾಡಿದ್ದು. ನೋಡಿದವರಿಗೆ ಗುಟ್ಟು ತಿಳಿಯುವುದಿಲ್ಲ. ಒಳಗಿನದನ್ನು ಮಾತ್ರ ಕೊಂಡರೂ ಸಾಕು.

ಕೊಳ್ಳುವಾಗ ನಿಂತು ನೋಡಿ ಒಪ್ಪಬೇಡಿ. ತೊಟ್ಟು, ಸೈಕಲ್ ಮೇಲೆ ಬಾಗುವಂತೆ ಬಾಗಿ, ಒಮ್ಮೆ ಕುಕ್ಕರಗಾಲಲ್ಲಿ ಕೂತು ಏಳಿ. ಮೆತ್ತೆ ನೆರಿಗೆಯಾಗದೆ ಮೈಗೆ ಒತ್ತಿಕೊಂಡೇ ಇರಬೇಕು. ನಿಂತಾಗ ತುಸು ಬಿಗಿ ಎನಿಸಿದರೆ ತಪ್ಪಿಲ್ಲ, ಬಾಗಿದಾಗ ಸರಿಹೋಗುತ್ತದೆ. ತೊಡೆಯ ಅಂಚಿನ ಪಟ್ಟಿ ಹಿಡಿದಿರಬೇಕು, ಕಚ್ಚಬಾರದು. ಬಿಚ್ಚಿದ ಮೇಲೆ ಕೆಂಪು ಬರೆ ಹತ್ತು ನಿಮಿಷವಾದರೂ ಮಾಯದಿದ್ದರೆ ಒಂದು ಅಳತೆ ದೊಡ್ಡದು ಬೇಕು. ನಾಚಿಕೆಯಿಂದ ಎರಡು ಅಳತೆ ದೊಡ್ಡದು ಕೊಳ್ಳುವವರಿದ್ದಾರೆ. ಅದರಿಂದ ದುಡ್ಡು ದಂಡ, ಸಡಿಲವಾದ ಮೆತ್ತೆ ಪಟ್ಟಾಪಟ್ಟಿಗಿಂತ ಹೆಚ್ಚು ಉಜ್ಜುತ್ತದೆ. ಒಳಭಾಗವನ್ನು ಹೊರಗೆ ಮಾಡಿ ಬೆರಳಾಡಿಸಿ ನೋಡಿ. ಹೊಲಿಗೆ ಚಪ್ಪಟೆಯಾಗಿದ್ದು ಉಗುರಿಗೆ ಎಡವದಿದ್ದರೆ ಒಳ್ಳೆಯದು. ಇನ್ನೊಂದು ಪರೀಕ್ಷೆ: ಹಿಂಭಾಗದ ಬಟ್ಟೆಯನ್ನು ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ, ಕೈ ಕಾಣಬಾರದು. ಹಳೆಯದಾದಂತೆ ಲೈಕ್ರಾ ತೆಳ್ಳಗಾಗಿ ಪಾರದರ್ಶಕವಾಗುತ್ತದೆ. ತೊಟ್ಟವರಿಗೆ ಇದು ತಿಳಿಯುವುದಿಲ್ಲ, ಹಿಂದೆ ಬರುವವರಿಗೆ ತಿಳಿಯುತ್ತದೆ.

ಮೆತ್ತೆ ದಪ್ಪವಿದ್ದಷ್ಟೂ ಸುಖ ಎಂಬುದು ತಪ್ಪು ಎಣಿಕೆ. ಬಹಳ ಮೆತ್ತಗಿದ್ದರೆ ಎರಡು ಮೂಳೆಗಳು ಅದರಲ್ಲಿ ಹೂತುಹೋಗುತ್ತವೆ, ನಡುವಿನ ಭಾಗ ಉಬ್ಬಿ ನರಗಳನ್ನೇ ಒತ್ತುತ್ತದೆ. ಸೀಟಿಗೆ ಹಾಕುವ ದಪ್ಪ ಜೆಲ್ ಕವರಿನ ದೋಷವೂ ಇದೇ. ತುಸು ಗಟ್ಟಿಯಾದ, ಅಂಚಿಗೆ ಹೋಗುತ್ತ ತೆಳ್ಳಗಾಗುವ ಮೆತ್ತೆ ಒಳ್ಳೆಯದು. ಗಂಡಸರ ಮೆತ್ತೆ ಬೇರೆ, ಹೆಂಗಸರದು ಬೇರೆ. ಹೆಂಗಸರ ಸೊಂಟದ ಮೂಳೆಗಳ ಅಂತರ ಸಾಮಾನ್ಯವಾಗಿ ಹೆಚ್ಚು, ಆದ್ದರಿಂದ ಅವರದು ಹಿಂದೆ ಅಗಲವಾಗಿರುತ್ತದೆ. ಗಂಡನ ಹಳೆಯದನ್ನು ಹೆಂಡತಿ ತೊಟ್ಟರೆ ಮೆತ್ತೆ ಬೇಕಾದಲ್ಲಿ ಇರುವುದಿಲ್ಲ. ಮುಖ್ಯವಾಗಿ, ಮೆತ್ತೆಯಿರುವ ಚಡ್ಡಿಯ ಒಳಗೆ ಇನ್ನೊಂದು ಒಳಉಡುಪು ತೊಡಬಾರದು. ಇದನ್ನು ಹೇಳಿದಾಗ ಎಲ್ಲರೂ ಹೌಹಾರುತ್ತಾರೆ. ಆದರೆ ಒಳಉಡುಪಿನ ಹೊಲಿಗೆಯಿಂದ ತಪ್ಪಿಸಿಕೊಳ್ಳಲೆಂದೇ ಈ ಚಡ್ಡಿ ಇರುವುದು. ಅದನ್ನೇ ಒಳಗಿಟ್ಟರೆ ಕೊಡೆ ಹಿಡಿದು ಅದರೊಳಗೆ ನೀರು ಸುರಿದುಕೊಂಡಂತೆ.

ಇಷ್ಟು ಖರ್ಚು ಎಲ್ಲರಿಗೂ ಆಗದು, ಎಲ್ಲರಿಗೂ ಬೇಕಾಗಿಯೂ ಇಲ್ಲ. ಶಾಲೆಗೋ ಹಾಲಿನ ಡೈರಿಗೋ ಮೂರು ನಾಲ್ಕು ಕಿಲೋಮೀಟರ್ ಹೋಗುವವರಿಗೆ ಮೆತ್ತೆಯ ಅವಶ್ಯಕತೆ ಇಲ್ಲ. ಬನಿಯನ್ ಅಂಗಡಿಯಲ್ಲಿ ಹುಡುಗಿಯರ ಲಂಗದೊಳಗೆ ತೊಡಲೆಂದು ಹತ್ತಿಗೆ ತುಸು ಲೈಕ್ರಾ ಬೆರೆಸಿದ ಮೊಣಕಾಲುದ್ದದ ಬಿಗಿ ಚಡ್ಡಿಗಳನ್ನು ಮಾರುತ್ತಾರೆ. ತೊಡೆಗೆ ತೊಡೆ ಉಜ್ಜದಂತೆ ಅದು ಕಾಯುತ್ತದೆ. ಗಂಡಸರಿಗೂ ತೊಡೆಯ ಅರ್ಧದವರೆಗೆ ಬರುವ, ಮೈಗೆ ಒಗ್ಗುವ ಒಳಚಡ್ಡಿಗಳಿವೆ. ಅಂಚಿನ ಇಲಾಸ್ಟಿಕ್ಕು ಸರಿಯಾಗಿ ತೊಡೆಸಂದಿನಲ್ಲೇ ಕೂರುವ ತ್ರಿಕೋನಾಕಾರದ್ದಕ್ಕಿಂತ ಇವು ವಾಸಿ. ಹೊಲಿಸುವವರು ಪೈಜಾಮದ ಕವಲಿಗೆ ಒಂದು ತುಂಡು ಬೇರೆ ಇಡಲು ದರ್ಜಿಗೆ ಹೇಳಬೇಕು. ನಮ್ಮ ಕಡೆಯ ಹಳೆಯ ದರ್ಜಿಗಳು ಅದಕ್ಕೆ ಮಿಯಾನಿ ಎನ್ನುತ್ತಾರೆ. 1956ರಲ್ಲಿ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು, ಗಡಿ ಅಲ್ಲಿಗೆ ಸರಿಯಿತು. ದರ್ಜಿಯ ಮಾತು ಮಾತ್ರ ಎರಡೂ ಕಡೆ ನಿಜಾಮನ ಕಾಲದ್ದೇ. ಮಿಯಾನಿ ಇಟ್ಟರೆ ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಕಾಲೂ ಆರಾಮವಾಗಿ ಏಳುತ್ತದೆ.

ಚಡ್ಡಿಗೆ ದುಡ್ಡು ಹಾಕುವ ಮೊದಲು ಸೀಟು ಸರಿಮಾಡಿಕೊಳ್ಳಿ, ಅದಕ್ಕೆ ಒಂದು ಪಾನಾ ಸಾಕು. ಪೆಡಲು ತೀರ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಮೊಣಕಾಲು ನೆಟ್ಟಗಾಗಬೇಕು. ಸೀಟು ಅದಕ್ಕಿಂತ ಎತ್ತರವಾದರೆ ಸೊಂಟ ಅತ್ತಿತ್ತ ತೂಗಾಡಿ ಚರ್ಮ ಉಜ್ಜುತ್ತದೆ. ಸೀಟಿನ ಮೂತಿ ಮೇಲೆ ಎದ್ದಿರಬಾರದು. ಹತ್ತು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ನಿಂತು ರಕ್ತ ಓಡಲು ಬಿಡಿ. ಹೊಲದ ದಾರಿಯ ಗುಂಡಿಗಳಲ್ಲಂತೂ ಕೂತು ಹೋಗಬೇಡಿ.

ಇನ್ನು ಹೆಣ್ಣುಮಕ್ಕಳ ವಿಷಯ. ಈ ಭಾಗವನ್ನು ದವಾಖಾನೆಯ ಸಿಸ್ಟರ್ ಹೇಳಿದಂತೆ ಬರೆದಿದ್ದೇವೆ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ ಕಲಿತರು. ಸೀರೆಯಲ್ಲೇ ಕಲಿತರು, ಊರವರ ಚೇಷ್ಟೆ ಮಾತಿನ ನಡುವೆಯೇ ಕಲಿತರು. ನೆರೆಯ ಕರ್ನಾಟಕದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದಾಗ ರಾಯಚೂರು ರಸ್ತೆಗಳ ಮೇಲೆ ಹುಡುಗಿಯರ ಸಾಲು ನಾವೂ ನೋಡಿದ್ದೇವೆ. ಬಟ್ಟೆಯ ಮಾತು ಬಂದಾಗ ಯುರೋಪಿನವರೂ ನಮಗಿಂತ ಉದಾರರೇನಲ್ಲ. ಇಂಗ್ಲೆಂಡಿನಲ್ಲಿ 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬ ಹಿರಿಯ ಮಹಿಳೆ ಸೈಕಲ್ಲಿಗೆಂದು ಸಡಿಲ ಇಜಾರ ತೊಟ್ಟು ಬಂದರೆಂದು ಹೋಟೆಲಿನವರು ಅವರನ್ನು ಕಾಫಿ ಕೋಣೆಗೆ ಬಿಡಲಿಲ್ಲ. ಮೊಕದ್ದಮೆ ನಡೆಯಿತು, ಮರುವರ್ಷ ತೀರ್ಪು ಹೋಟೆಲಿನ ಪರವಾಗಿಯೇ ಬಂತು. ನಮ್ಮ ಅಜ್ಜಿಯರು ಕಚ್ಚೆ ಹಾಕಿ ಸೀರೆ ಉಟ್ಟು ಹೊಲದಲ್ಲಿ ದುಡಿದವರು, ಕಾಲು ಬೇರೆ ಬೇರೆಯಾಗಿ ಕಾಣುವುದು ಅವರಿಗೆ ದೊಡ್ಡ ಸಂಗತಿಯಾಗಿರಲಿಲ್ಲ.

ಸಿಸ್ಟರ್ ಹೇಳುವುದು ಇಷ್ಟು. ಚೂಡಿದಾರದೊಳಗೆ ಬಿಗಿ ಚಡ್ಡಿ ತೊಟ್ಟರೆ ಹುಡುಗಿಯರು ಗಾಳಿಗೆ ಅಂಚು ಹಾರೀತೆಂಬ ಹೆದರಿಕೆಯಿಂದ ಒಂದು ಕೈಯಲ್ಲೇ ಹ್ಯಾಂಡಲ್ ಹಿಡಿಯುವುದು ತಪ್ಪುತ್ತದೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಬೇಕು. ಚಕ್ರಕ್ಕೆ ಸಿಕ್ಕರೆ ಕುತ್ತಿಗೆಗೇ ಅಪಾಯ. ತಿಂಗಳ ದಿನಗಳಲ್ಲಿ ಪ್ಯಾಡಿನ ಅಂಚು ತೊಡೆಗೆ ಉಜ್ಜಿ ಗಾಯ ಮಾಡುವುದುಂಟು. ಮೈಗೆ ಒಗ್ಗುವ ಚಡ್ಡಿ ಪ್ಯಾಡನ್ನು ಸರಿಯದಂತೆ ಹಿಡಿಯುತ್ತದೆ, ಆ ದಿನಗಳಲ್ಲಿ ಶಾಲೆ ತಪ್ಪಿಸುವ ಕಾರಣವೊಂದು ಕಡಿಮೆಯಾಗುತ್ತದೆ. ತಾಯಂದಿರು ಇದನ್ನು ಕೇಳಿ ತಿಳಿಯಬೇಕು, ಮಗಳು ತಾನಾಗಿ ಹೇಳಲಿಕ್ಕಿಲ್ಲ.

ರೈತರು ಇಲ್ಲಿ ಎಚ್ಚರದಿಂದ ಓದಬೇಕು. ಗದ್ವಾಲ ಸೀಮೆ ಬೀಜದ ಹತ್ತಿಗೆ ಹೆಸರಾದದ್ದು, ಔಷಧಿ ಹೊಡೆಯದ ಹೊಲವಿಲ್ಲ. ಬೆನ್ನಿಗೆ ಹೊರುವ ಪಂಪು ಸೋರಿದರೆ ಔಷಧಿ ಬೆನ್ನಿನಿಂದ ಸೊಂಟಕ್ಕೆ, ಸೊಂಟದಿಂದ ಚಡ್ಡಿಗೆ ಇಳಿಯುತ್ತದೆ. ಆ ತೊಯ್ದ ಬಟ್ಟೆಯಲ್ಲೇ ಸೈಕಲ್ ಹತ್ತಿ ಮನೆಗೆ ಬರುವವರು ಎಷ್ಟೋ ಜನ. ಅಮೆರಿಕದ ಚರ್ಮವೈದ್ಯ ಹೋವರ್ಡ್ ಮೈಬಾಕ್ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಮೈಯ ಯಾವ ಭಾಗದಲ್ಲಿ ಎಷ್ಟು ಇಂಗುತ್ತದೆಂದು ಅಳೆದರು. ಮುಂಗೈ ಚರ್ಮಕ್ಕೆ ಹೋಲಿಸಿದರೆ ವೃಷಣದ ಚರ್ಮದಲ್ಲಿ ಅದು ಹತ್ತು ಪಟ್ಟಿಗೂ ಹೆಚ್ಚು ಇಂಗಿತ್ತು. ಮೇಲಿಂದ ಸೀಟಿನ ತಿಕ್ಕಾಟಕ್ಕೆ ಚರ್ಮ ತರಚಿದ್ದರೆ ವಿಷಕ್ಕೆ ಬಾಗಿಲು ತೆರೆದಂತೆಯೇ. ಕೈ ತೊಳೆದೆವು, ಮುಖ ತೊಳೆದೆವು ಎಂದು ನಾವು ಸಮಾಧಾನ ಪಡುತ್ತೇವೆ, ವಿಷ ಹೋಗುವ ಹೆದ್ದಾರಿ ಬೇರೆಯೇ ಇದೆ. ಔಷಧಿ ಹೊಡೆಯುವ ದಿನ ಒಂದು ಜೊತೆ ಒಣ ಬಟ್ಟೆ ಕ್ಯಾರಿಯರಿಗೆ ಕಟ್ಟಿಕೊಂಡು ಹೋಗಿ. ಹೊಲದಲ್ಲೇ ಸೋಪು ಹಚ್ಚಿ ಮೈ ತೊಳೆದು, ಒಳಚಡ್ಡಿ ಸಹಿತ ಬದಲಿಸಿ, ಆಮೇಲೆ ಸೈಕಲ್ ಹತ್ತಿ. ಬಿಗಿ ಚಡ್ಡಿ ತೊಟ್ಟು ಔಷಧಿ ಹೊಡೆಯಲೇಬೇಡಿ, ತೊಯ್ದರೆ ಅದು ವಿಷವನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಆ ಬಟ್ಟೆಗಳನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬಾರದು.

ಉಜ್ಜಿದ ಚರ್ಮಕ್ಕೆ ಮೊದಲ ಔಷಧಿ ವಿಶ್ರಾಂತಿ. ಎರಡು ದಿನ ಸೈಕಲ್ ಬಿಡಿ, ತೊಳೆದು ಒತ್ತಿ ಒರೆಸಿ, ಗಾಳಿಯಾಡಲು ಬಿಡಿ. ಹೊರಡುವ ಮೊದಲು ತೊಡೆಸಂದಿಗೆ ತೆಳ್ಳಗೆ ವ್ಯಾಸಲೀನ್ ಹಚ್ಚಿದರೆ ತಿಕ್ಕಾಟ ತಗ್ಗುತ್ತದೆ. ಪೌಡರು ಬೇಡ, ಬೆವರಿಗೆ ಸೇರಿ ಉಂಡೆಯಾಗುತ್ತದೆ. ಕುರು ಎದ್ದರೆ ಬಿಸಿನೀರಿನ ಬಟ್ಟೆ ಒತ್ತಬಹುದು, ಹಿಚುಕಬಾರದು. ಜ್ವರ ಬಂದರೆ, ಸುತ್ತ ಕೆಂಪು ಹರಡಿದರೆ ಅದೇ ದಿನ ಡಾಕ್ಟರನ್ನು ಕಾಣಬೇಕು. ಸಕ್ಕರೆ ಕಾಯಿಲೆಯವರು ಜ್ವರ ಬರುವ ತನಕವೂ ಕಾಯಬಾರದು. ಸೈಕಲ್ ಇಳಿದು ಸ್ವಲ್ಪ ಹೊತ್ತಾದರೂ ಮರಗಟ್ಟಿದ್ದು ಹೋಗದಿದ್ದರೆ ಸವಾರಿ ನಿಲ್ಲಿಸಿ ಸೀಟು ನೋಡಿಸಿ, ಡಾಕ್ಟರಿಗೂ ಹೇಳಿ.

ಬಳೆಯ ಆಕಾರದಲ್ಲಿ ಕೆಂಪಾಗಿ ಅಂಚಿನಲ್ಲಿ ತುರಿಸಿದರೆ ಅದು ಉಜ್ಜಿದ್ದಲ್ಲ, ಗಜಕರ್ಣ. ಇದು ಬೂಷ್ಟು ಜಾತಿಯ ರೋಗ. ಇದಕ್ಕೆ ಅಂಗಡಿಯವರು ಕೊಡುವ ಸ್ಟಿರಾಯ್ಡ್ ಬೆರೆಸಿದ ಮುಲಾಮು ಎರಡೇ ದಿನಕ್ಕೆ ತುರಿಕೆ ನಿಲ್ಲಿಸುತ್ತದೆ, ಒಳಗಿಂದೊಳಗೆ ರೋಗ ಹರಡುತ್ತದೆ, ಚರ್ಮ ತೆಳುವಾಗಿ ಬಿಳಿ ಗೆರೆ ಬೀಳುತ್ತದೆ. ಇಂಥ ಹಲವು ಮುಲಾಮುಗಳನ್ನು ಡಾಕ್ಟರರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿತು. ತೊಡೆಸಂದಿನ ರೋಗವನ್ನು ಡಾಕ್ಟರರಿಗೆ ತೋರಿಸಲು ನಾಚಿ ಮುಲಾಮನ್ನು ಪಿಸುಗುಟ್ಟಿ ಕೊಳ್ಳುವವರೇ ಇದಕ್ಕೆ ಹೆಚ್ಚು ಬಲಿಯಾಗುತ್ತಾರೆ.

ನಮ್ಮ ಮಕ್ತಲ್ ಕಡೆಯ ರೈತರು ಗುಣವಾಗಿ ಮತ್ತೆ ಸೈಕಲ್ ಹತ್ತಿದ್ದಾರೆ. ಟ್ರಂಕಿನ ಚಡ್ಡಿ ಹೊರಗೆ ಬಂದಿದೆ, ಪೈಜಾಮದ ಒಳಗೆ. ಮೊನ್ನೆ ಬಂದಾಗ ಕುರ್ಚಿಯಲ್ಲಿ ಕೂತೇ ಮಾತಾಡಿದರು. ಉಳಿದಿರುವ ತೊಂದರೆ ಒಂದೇ. ತೊಳೆದ ಚಡ್ಡಿಯನ್ನು ಸೊಸೆ ನೋಡಬಾರದೆಂದು ಲುಂಗಿಯ ಕೆಳಗೆ ಅಡಗಿಸಿ ಒಣಹಾಕುತ್ತಾರೆ, ಮರುದಿನ ಬೆಳಿಗ್ಗೆ ಮೆತ್ತೆ ಹಸಿಯಾಗಿಯೇ ಇರುತ್ತದೆ. ಹಸಿ ಮೆತ್ತೆಯೆಂದರೆ ಗಜಕರ್ಣಕ್ಕೆ ಬೀಜ ಬಿತ್ತಿದಂತೆ. ಇದು ಅವರೊಬ್ಬರ ಕಥೆಯಲ್ಲ, ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರ ಒಳಉಡುಪುಗಳು ಹೀಗೆಯೇ ಸೀರೆಯ ಕೆಳಗೆ ಹಸಿಯಾಗಿ ಕೊಳೆಯುತ್ತವೆ. ನಾವು ಹೇಳಿಕೊಟ್ಟದ್ದು ಇದು: ಸವಾರಿಯಾದ ದಿನವೇ ತಣ್ಣೀರಲ್ಲಿ ಸಾಬೂನಿನಿಂದ ತೊಳೆಯಿರಿ, ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಬ್ಲೀಚಿಂಗ್, ಇಸ್ತ್ರಿ ಎರಡೂ ಲೈಕ್ರಾಕ್ಕೆ ಆಗವು. ಒಳಭಾಗ ಹೊರಗೆ ಮಾಡಿ ಗಾಳಿ ಬರುವ ಕಡೆ ಬಿಡಿಯಾಗಿ ಒಣಹಾಕಿ, ಹತ್ತಿಯದಾದರೆ ಪೂರ್ತಿ ಬಿಸಿಲಿಗೆ. ಹಿತ್ತಲಲ್ಲಿ ದನದ ಕೊಟ್ಟಿಗೆಯ ಹಿಂದೆ ಒಂದು ಹಗ್ಗ ಕಟ್ಟಿಕೊಳ್ಳುವುದಾಗಿ ಹೇಳಿ ಹೋಗಿದ್ದಾರೆ. ಎರಡನೆಯ ಚಡ್ಡಿಗೆ ಮಗನಿಗೆ ಫೋನು ಮಾಡಿದ್ದಾರಂತೆ.